ಬ್ಯಾಟರಿ ಬದಲಿಸುವ ಮೊದಲು: ಗಾಡಿಯ ಕರೆಂಟ್ ತೊಂದರೆಯನ್ನು ನೀವೇ ಹುಡುಕುವ ಬಗೆ

ಬೆಳಗ್ಗೆ ಐದೂವರೆಗೆ ಫೋನ್ ಬಂತು. ಮಲ್ಪೆ ಬಂದರಿನಿಂದ, ಮೀನಿನ ಟೆಂಪೊದವರು. "ಅಣ್ಣ, ಸೆಲ್ಫ್ ಹೊಡೀತಾ ಇಲ್ಲ. ಬ್ಯಾಟರಿ ಹಾಕಿ ತಿಂಗಳು ಸಹ ಆಗ್ಲಿಲ್ಲ ಮಾರಾಯ್ರೆ. ಹಿಂದೆ ಲೋಡು ಉಂಟು, ಐಸು ಕರಗ್ತಾ ಉಂಟು."

ಹೋಗಿ ನೋಡಿದೆ. ಬ್ಯಾಟರಿ ಹೊಸದೇ. ಸೆಲ್ಫ್ ಮೋಟರನ್ನೂ ಹಿಂದಿನ ವಾರ ಬಿಚ್ಚಿಸಿ ರಿಪೇರಿ ಮಾಡಿಸಿದ್ದರು. ಎರಡೂ ಸೇರಿ 9,000 ರೂಪಾಯಿ ದಾಟಿತ್ತು. ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು. ನಾನು ಅಡಿಗೆ ನುಸುಳಿ, ಇಂಜಿನ್‌ನಿಂದ ಚಾಸಿಗೆ ಬರುವ, ಕರೆಂಟ್ ವಾಪಸ್ ಹೋಗುವ ಅರ್ತ್ ಪಟ್ಟಿಯನ್ನು ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿದೆ. ತಾಮ್ರದ ಜಡೆಯ ಒಳಗಿಂದ ಹಸಿರು ಪುಡಿ ಅಂಗೈಗೆ ಉದುರಿತು. ಮೇಲಿಂದ ನೋಡಿದರೆ ಪಟ್ಟಿ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಳಗಿನ ಎಳೆಗಳನ್ನೆಲ್ಲ ಕಿಲುಬು ತಿಂದಿತ್ತು. 250 ರೂಪಾಯಿಯ ಹೊಸ ಪಟ್ಟಿ ಹಾಕಿದೆ. ಕೀ ಮುಟ್ಟಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು.

ಆದಿ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯಲ್ಲಿ ನನ್ನ ಅಂಗಡಿ. 21 ವರ್ಷದಿಂದ ಗಾಡಿಗಳ ವಯರಿಂಗ್ ಕೆಲಸವನ್ನೇ ಮಾಡುತ್ತಿದ್ದೇನೆ. ಬಡವರ ದುಡ್ಡು ಹೀಗೆ ಸುಮ್ನೆ ಹೋಗುವುದನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದು ಇಷ್ಟೇ. ಅಳೆಯದೆ ಯಾವ ಭಾಗವನ್ನೂ ಬದಲಿಸಬೇಡಿ. ಅಳೆಯಲು ಶುರು ಮಾಡುವಾಗ ಜಾಯಿಂಟುಗಳಿಂದ ಶುರು ಮಾಡಿ. ನಮ್ಮ ಕಡೆ ಗಾಳಿಯಲ್ಲೇ ಉಪ್ಪು. ಮಳೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ. ಮೀನಿನ ಗಾಡಿಗಳಿಗೆ ಮೇಲಿಂದ ಉಪ್ಪುನೀರು ಬೇರೆ. ಇಲ್ಲಿ ಬ್ಯಾಟರಿ, ಡೈನಮೊ ಕೆಡುವ ಮೊದಲು ಅವುಗಳನ್ನು ಕೂಡಿಸುವ ಜಾಗ ಕೆಡುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಕಲಿಯುವವರಿಗೆ ಮುನ್ನೂರು ನಾನೂರು ರೂಪಾಯಿಯದ್ದು ಸಾಕು. ಹತ್ತರ ಸ್ಪ್ಯಾನರ್, ಸಣ್ಣ ಉಪ್ಪುಕಾಗದ, ಹಳೆಯ ಟೂತ್‌ಬ್ರಶ್, ಅಡುಗೆ ಸೋಡ, ವ್ಯಾಸಲೀನ್, ನಾಲ್ಕಾರು ಬಿಡಿ ಫ್ಯೂಸ್. ಇವುಗಳ ಜೊತೆ ಒಂದು ಟೆಸ್ಟ್ ಲ್ಯಾಂಪ್. ಹಳೆಯ ಗಾಡಿಯ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬು, ಅದರ ಹೋಲ್ಡರ್, ಅದಕ್ಕೆ ಒಂದೊಂದು ಮೀಟರ್ ಉದ್ದದ ಎರಡು ವಯರ್, ತುದಿಗೆ ಕ್ಲಿಪ್. ನನ್ನ ಮೇಸ್ತ್ರಿ ಕೆಲಸ ಕಲಿಸಿದ ಮೊದಲ ದಿನ ನನ್ನಿಂದ ಮಾಡಿಸಿದ್ದು ಇದನ್ನೇ. ಆ ಹೋಲ್ಡರ್ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ, ಬಲ್ಬು ಮಾತ್ರ ಎಷ್ಟೋ ಸಲ ಬದಲಾಗಿದೆ.

ಶುರು ಮಾಡುವ ಮೊದಲು ಉಂಗುರ, ಬಳೆ, ವಾಚು ಬಿಚ್ಚಿಡಿ. ಸ್ಪ್ಯಾನರ್ ಒಂದು ಕಡೆ ಪ್ಲಸ್ಸಿಗೆ, ಇನ್ನೊಂದು ಕಡೆ ನಿಮ್ಮ ಉಂಗುರದ ಮೂಲಕ ಬಾಡಿಗೆ ತಾಗಿದರೆ ಉಂಗುರ ಕಣ್ಣು ಮಿಟುಕಿಸುವುದರೊಳಗೆ ಕೆಂಡವಾಗುತ್ತದೆ. 12 ವೋಲ್ಟ್ ನಿಮಗೆ ಶಾಕ್ ಹೊಡೆಯುವುದಿಲ್ಲ, ಆದರೆ ಸುಡುತ್ತದೆ. ಬ್ಯಾಟರಿ ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು. ಹಾಕುವಾಗ ಮೈನಸ್ ಕೊನೆಗೆ. ಯಾಕೆ ಅಂದರೆ ಗಾಡಿಯ ಬಾಡಿ ಪೂರ್ತಿ ಮೈನಸ್. ಮೈನಸ್ ಬಿಚ್ಚಿಟ್ಟ ಮೇಲೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಬರುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಹಾಗಾಗಿ ಅದರ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡವೇ ಬೇಡ.

ಕರೆಂಟ್ ಹೋದರೆ ಸಾಲದು, ವಾಪಸೂ ಬರಬೇಕು

ಹೊಸಬರು ಎಡವುವುದು ಇಲ್ಲೇ. ಬಲ್ಬಿಗೆ ಪ್ಲಸ್ ಬಂದಿದೆಯಾ ಅಂತ ನೋಡುತ್ತಾರೆ, ಬಂದಿದ್ದರೆ ಬಲ್ಬೇ ಹಾಳು ಅಂದುಕೊಳ್ಳುತ್ತಾರೆ. ಬಸ್ಸು ಉಡುಪಿಯಿಂದ ಮಂಗಳೂರಿಗೆ ಹೋಗಿ ವಾಪಸ್ ಬಂದರೇ ಒಂದು ಟ್ರಿಪ್ ಅಲ್ವಾ? ಕರೆಂಟ್ ಕೂಡ ಬ್ಯಾಟರಿಯ ಪ್ಲಸ್ಸಿನಿಂದ ಹೊರಟು, ಫ್ಯೂಸ್ ದಾಟಿ, ಸ್ವಿಚ್ ದಾಟಿ, ಬಲ್ಬಿನ ಒಳಗೆ ಹಾದು, ಬಾಡಿಯ ತಗಡಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ತಿರುಗಿ ಬರಬೇಕು. ಈ ವಾಪಸ್ ದಾರಿಗೇ ಅರ್ತ್ ಅನ್ನುವುದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ತಗಡಿಗೆ ಬಿಗಿದ ಒಂದು ಬೋಲ್ಟು, ಅದರಡಿ ಒಂದು ರಿಂಗು, ಅಷ್ಟೇ. ಆ ಬೋಲ್ಟಿನ ಅಡಿಗೆ ತುಕ್ಕು ಬಂದರೆ ದಾರಿ ಕಟ್.

ಒಂದು ಸುಲಭದ ಗುರುತು ಹೇಳುತ್ತೇನೆ. ರಾತ್ರಿ ಪಾರ್ಕಿಂಗ್ ಲೈಟ್ ಆಫ್ ಇಟ್ಟು, ಯಾರನ್ನಾದರೂ ಬ್ರೇಕ್ ಒತ್ತಲು ಹೇಳಿ ಹಿಂದೆ ನಿಂತು ನೋಡಿ. ಬ್ರೇಕ್ ಲೈಟ್ ಮಂಕಾಗಿ ಉರಿದು, ಜೊತೆಗೆ ಪಾರ್ಕಿಂಗ್ ಲೈಟೋ ನಂಬರ್ ಪ್ಲೇಟಿನ ಲೈಟೋ ಸಣ್ಣಗೆ ಹೊತ್ತಿಕೊಂಡರೆ ಆ ಲ್ಯಾಂಪಿನ ಅರ್ತ್ ಹೋಗಿದೆ ಅಂತಲೇ ಲೆಕ್ಕ. ಕರೆಂಟಿಗೆ ತನ್ನ ದಾರಿ ಸಿಗಲಿಲ್ಲ. ಹಾಗಾಗಿ ಪಕ್ಕದ ಫಿಲಮೆಂಟಿನೊಳಗೆ ನುಗ್ಗಿ, ಬೇರೆ ಲ್ಯಾಂಪಿನ ಅರ್ತ್ ಹಿಡಿದು ಮನೆಗೆ ಹೋಗುತ್ತಿದೆ. ಖಾತ್ರಿ ಮಾಡಿಕೊಳ್ಳಬೇಕಾ? ಒಂದು ವಯರಿನ ತುದಿಯನ್ನು ಬ್ಯಾಟರಿ ಮೈನಸ್ಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಲ್ಯಾಂಪಿನ ಅರ್ತ್ ಪಿನ್ನಿಗೆ ಮುಟ್ಟಿಸಿ. ಬ್ರೇಕ್ ಲೈಟ್ ಫಕ್ಕನೆ ಪೂರ್ತಿ ಹೊತ್ತಿದರೆ ಬಲ್ಬು ಸರಿ, ಅರ್ತ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ತಗಡು ಬೆಳ್ಳಗೆ ಕಾಣುವ ತನಕ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲಿಂದ ವ್ಯಾಸಲೀನ್ ಸವರಿ. ವ್ಯಾಸಲೀನ್ ಒಳಗೆ ಅಲ್ಲ, ಬಿಗಿದ ಮೇಲೆ ಹೊರಗಿನಿಂದ. ಉಪ್ಪುಗಾಳಿ ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ.

ಬ್ಯಾಟರಿಯ ಲೆಕ್ಕ

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಗಾಡಿ ನಿಲ್ಲಿಸಿ ಮೂರು ನಾಲ್ಕು ಗಂಟೆ ಆಗಿರಲಿ, ರಾತ್ರಿ ಕಳೆದಿದ್ದರೆ ಇನ್ನೂ ಒಳ್ಳೆಯದು. ಕೆಂಪು ಮೊನೆ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 12.6 ಇದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದಿದ್ದರೆ ಹೆಚ್ಚುಕಡಿಮೆ ಖಾಲಿ. ಎಷ್ಟೋ ಜನ 12 ತೋರಿಸಿತು, 12 ವೋಲ್ಟ್ ಬ್ಯಾಟರಿ ತಾನೇ, ಸರಿ ಇದೆ ಅಂತ ಹೇಳುತ್ತಾರೆ. ಸರಿ ಇಲ್ಲ. ಒಳಗೆ ಆರು ಸೆಲ್, ಒಂದೊಂದಕ್ಕೂ 2.1 ವೋಲ್ಟ್, ಅದಕ್ಕೇ 12.6.

ಇನ್ನು ಸೆಲ್ಫ್ ಹೊಡೆಯುವಾಗ ನೋಡಿ. ಮೀಟರ್ ಹಾಗೇ ಹಿಡಿದುಕೊಂಡಿರಿ, ಇನ್ನೊಬ್ಬರು ಕೀ ತಿರುಗಿಸಲಿ. ವೋಲ್ಟ್ ಇಳಿಯುವುದು ಸಹಜ. 10ರ ಆಸುಪಾಸು ನಿಂತರೆ ಬ್ಯಾಟರಿಗೆ ಶಕ್ತಿ ಇದೆ. 9.6ಕ್ಕಿಂತ ಕೆಳಗೆ ಜಾರಿದರೆ ಒಂದೋ ಚಾರ್ಜ್ ಇಲ್ಲ, ಇಲ್ಲವೇ ಬ್ಯಾಟರಿ ಮುಗಿದಿದೆ. ಪೂರ್ತಿ ಚಾರ್ಜ್ ಮಾಡಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಜಾರಿದರೆ ಮಾತ್ರ ಹೊಸದರ ಮಾತು.

ಮೀಟರ್ ಇಲ್ಲದಿದ್ದರೆ ಕಿವಿ ಇದೆ. ಟಕಟಕಟಕ ಅಂತ ಬೇಗ ಬೇಗ ಸದ್ದು ಬಂದರೆ ಬ್ಯಾಟರಿ ಡೌನ್. ಟಕ್ ಅಂತ ಒಂದೇ ಸದ್ದು ಬಂದು ನಿಂತರೆ ಅರ್ತ್, ಬ್ಯಾಟರಿಯ ಕ್ಲ್ಯಾಂಪು, ಸೆಲ್ಫ್ ಮೋಟರ್, ಈ ಸಾಲಿನಲ್ಲಿ ಹುಡುಕಿ. ಸದ್ದೇ ಇಲ್ಲ ಅಂದರೆ ಕರೆಂಟ್ ಸೆಲ್ಫ್ ತನಕ ತಲುಪಿಯೇ ಇಲ್ಲ. ಬೈಕಾದರೆ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್ ನೋಡಿ. ಸ್ಕೂಟರಾದರೆ ಬ್ರೇಕ್ ಲಿವರಿನ ಸ್ವಿಚ್. ಬ್ರೇಕ್ ಹಿಡಿದರೆ ಹಿಂದಿನ ಲೈಟ್ ಹೊತ್ತುವುದಿಲ್ಲ, ಸೆಲ್ಫೂ ಹೊಡೆಯುವುದಿಲ್ಲ ಅಂದರೆ ಆ ಸಣ್ಣ ಸ್ವಿಚ್ಚಿಗೆ ಮಳೆನೀರು ಹೋಗಿದೆ ಅಂತ ತಿಳಿದುಕೊಳ್ಳಬಹುದು.

ಬ್ಯಾಟರಿಯ ತಲೆಯ ಮೇಲೆ ಬೂದುಬಿಳಿ ಅಥವಾ ನೀಲಿ ಪುಡಿ ಕೂತಿದೆಯಾ? ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ, ಬ್ರಶ್ ಅದ್ದಿ ಉಜ್ಜಿ. ನೊರೆ ಬರುತ್ತದೆ, ಬರಲಿ. ಆ ನೀರು ಸೆಲ್ಲಿನ ಮುಚ್ಚಳದ ಒಳಗೆ ಮಾತ್ರ ಹೋಗಬಾರದು. ನೀರು ಹಾಕುವ ಬ್ಯಾಟರಿಯಾದರೆ ಗೆರೆ ತನಕ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿನೀರು, ನಳ್ಳಿನೀರು ಬೇಡ.

ವೋಲ್ಟ್ ಎಲ್ಲಿ ಸೋರುತ್ತದೆ ಅಂತ ಹಿಡಿಯುವುದು

ಈ ಒಂದು ಪರೀಕ್ಷೆ ಕಲಿತರೆ ಅರ್ಧ ಕೆಲಸ ಕಲಿತ ಹಾಗೆ. ಮೇಲೆ ಹೇಳಿದ ಟೆಂಪೊದ ಪಟ್ಟಿಯನ್ನು ಯಾರಾದರೂ ಅಡ್ಡಿ ಅಳೆಯುವ ಓಮ್ ಮೀಟರಿನಲ್ಲಿ ನೋಡಿದ್ದರೆ ಸರಿ ಇದೆ ಅಂತಲೇ ತೋರಿಸುತ್ತಿತ್ತು. ಮೀಟರ್ ಕಳಿಸುವುದು ಕೂದಲೆಳೆಯಷ್ಟು ಕರೆಂಟ್. ಒಂದು ತಾಮ್ರದ ಎಳೆ ಉಳಿದಿದ್ದರೂ ಅಷ್ಟು ದಾಟಿ ಹೋಗುತ್ತದೆ. ಆದರೆ ಸೆಲ್ಫ್ ಮೋಟರಿಗೆ ಬೇಕಾದದ್ದು ನೂರು, ನೂರೈವತ್ತು ಆಂಪಿಯರ್. ಜಾಯಿಂಟಿನಲ್ಲಿ ಒಂದು ಓಮಿನ ನೂರನೇ ಒಂದು ಪಾಲು ಅಡ್ಡಿ ಇದ್ದರೆ 150 ಆಂಪಿಯರಿಗೆ ಒಂದೂವರೆ ವೋಲ್ಟ್ ಅಲ್ಲೇ ಹೋಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ನಮ್ಮ ಮೀಟರ್ ಓಮಿನಲ್ಲಿ ಹಿಡಿಯಲಾರದು. ವೋಲ್ಟಿನಲ್ಲಿ ಹಿಡಿಯುತ್ತದೆ.

ಮಾಡುವುದು ಹೀಗೆ. ಮೀಟರ್ ಡಿಸಿ ವೋಲ್ಟಿನಲ್ಲೇ ಇರಲಿ. ಕಪ್ಪು ಮೊನೆಯನ್ನು ಬ್ಯಾಟರಿ ಮೈನಸ್ಸಿನ ಸೀಸದ ಗೂಟಕ್ಕೆ ಒತ್ತಿ. ಕ್ಲ್ಯಾಂಪಿಗೆ ಅಲ್ಲ, ಗೂಟಕ್ಕೆ. ಕೆಂಪು ಮೊನೆ ಇಂಜಿನ್ನಿನ ಬರಿಯ ಲೋಹಕ್ಕೆ, ಬಣ್ಣ ಎಣ್ಣೆ ಇಲ್ಲದ ಜಾಗಕ್ಕೆ. ಈಗ ಮೀಟರ್ ಸೊನ್ನೆ ತೋರಿಸುತ್ತದೆ. ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟಿನ ಒಳಗೆ ಇದ್ದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ತೊಂದರೆ ಇದೆ. ಆ ಟೆಂಪೊದಲ್ಲಿ ಬಂದದ್ದು 3.8. ಸೆಲ್ಫ್ ಮೋಟರಿಗೆ ಸಿಗಬೇಕಾದ ಅಷ್ಟೂ ವೋಲ್ಟ್ ಪಟ್ಟಿಯಲ್ಲೇ ಮುಗಿದಿತ್ತು.

ಎಲ್ಲಿ ಅಂತ ಗೊತ್ತಾಗಲು ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ. ಮೊದಲು ಗೂಟದಿಂದ ಕ್ಲ್ಯಾಂಪಿಗೆ. ಒಂದರ ಮೇಲೊಂದು ಕೂತಿರುವ ಇವೆರಡರ ನಡುವೆಯೇ ಎಷ್ಟೋ ಸಲ ಒಂದು ವೋಲ್ಟ್ ಸಿಗುತ್ತದೆ, ನಡುವೆ ಕಪ್ಪು ಪದರ ಕಟ್ಟಿರುತ್ತದೆ. ಆಮೇಲೆ ಕ್ಲ್ಯಾಂಪಿನಿಂದ ಚಾಸಿಗೆ. ಆಮೇಲೆ ಚಾಸಿಯಿಂದ ಇಂಜಿನ್ನಿಗೆ. ಯಾವ ತುಂಡಿನಲ್ಲಿ ವೋಲ್ಟ್ ಕಾಣುತ್ತದೋ ಕಳ್ಳ ಅಲ್ಲೇ ಇದ್ದಾನೆ. ಪ್ಲಸ್ ಕಡೆಯೂ ಇದೇ ಲೆಕ್ಕ, ಬ್ಯಾಟರಿಯ ಪ್ಲಸ್ ಗೂಟದಿಂದ ಸೆಲ್ಫ್ ಮೋಟರಿನ ದಪ್ಪ ವಯರಿನ ಬೋಲ್ಟ್ ತನಕ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಫ್ಯಾನ್ ಬೆಲ್ಟಿನಿಂದ ಕೈ, ಶಾಲು ದೂರ ಇರಲಿ.

ಚಾರ್ಜ್ ಆಗುತ್ತಿದೆಯಾ

ಕಲ್ಮಾಡಿ ಕಡೆಯ ಒಬ್ಬರು ಟೀಚರ್ ಸ್ಕೂಟರ್ ತಳ್ಳಿಕೊಂಡು ಬಂದರು. "ಅಣ್ಣ, ಹಾರ್ನಿಗೆ ಸ್ವರವೇ ಇಲ್ಲ. ಬ್ಯಾಟರಿ ಎರಡು ಸಲ ಚಾರ್ಜ್ ಮಾಡಿಸಿದೆ, ಮೂರು ದಿನಕ್ಕೆ ಪುನಃ ಹಾಗೇ." "ಕೂತ್ಕೊಳ್ಳಿ ಅಕ್ಕ" ಅಂತ ಸ್ಟೂಲ್ ಕೊಟ್ಟು ಮೀಟರ್ ಹಿಡಿದೆ. ನಿಂತ ಗಾಡಿಗೆ 12.1. ಕಿಕ್ ಹೊಡೆದು ಆಕ್ಸಿಲರೇಟರ್ ತಿರುಗಿಸಿದೆ. ಆಗಲೂ 12.1. ಏರಲೇ ಇಲ್ಲ.

ಇಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟರೆ, ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. ಬೈಕು, ಕಾರು, ಟೆಂಪೊ ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ. ಬಾರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದರ ಹಿಂದೆ ಒಂದು ಹೋಗುತ್ತವೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟನ್ನು ಏರಿಸಿ ಇಳಿಸುತ್ತದೆ. ಅವುಗಳಲ್ಲಿ ಹೆಡ್‌ಲೈಟ್, ಎಸಿ ಹಾಕಿ ಒಂದೆರಡು ನಿಮಿಷ ಕಾದು ನೋಡಿ.

ಟೀಚರ್ ಸ್ಕೂಟರಿನ ಮುಂದಿನ ಪ್ಲಾಸ್ಟಿಕ್ ಬಿಚ್ಚಿದೆ. ರೆಗ್ಯುಲೇಟರಿಗೆ ಹೋಗುವ ಕಪ್ಲರ್, ಅಂದರೆ ವಯರು ಕೂಡಿಸುವ ಪ್ಲಾಸ್ಟಿಕ್ ಜೋಡಣೆ, ಬಿಳಿ ಇರಬೇಕಾದದ್ದು ಒಂದು ಮೂಲೆಯಲ್ಲಿ ಸುಟ್ಟ ದೋಸೆಯ ಬಣ್ಣ. ಎಳೆದರೆ ಒಂದು ಪಿನ್ ಕಪ್ಪಾಗಿ ಪ್ಲಾಸ್ಟಿಕ್ಕಿಗೆ ಅಂಟಿತ್ತು. ಪಿನ್ ಲೂಸಾದರೆ ಅಲ್ಲಿ ಅಡ್ಡಿ, ಅಡ್ಡಿ ಇದ್ದಲ್ಲಿ ಬಿಸಿ, ಬಿಸಿಯಾದರೆ ಪಿನ್ ಇನ್ನೂ ಲೂಸು. ಹೊಸ ಕಪ್ಲರ್ ಹಾಕಿ ಪಿನ್ನುಗಳನ್ನು ಒತ್ತಿ ಕೂರಿಸಿದ ಮೇಲೆ 14.1 ಬಂತು. ರೆಗ್ಯುಲೇಟರ್ ಸರಿಯೇ ಇತ್ತು. 2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಶುರುವಾದ ಕೂಡಲೇ ಹೆಡ್‌ಲೈಟೂ ಹೊತ್ತುತ್ತದೆ, ಆಫ್ ಮಾಡುವ ಸ್ವಿಚ್ ಇಲ್ಲ. ಹಾಗಾಗಿ ಚಾರ್ಜಿಂಗ್ ಸ್ವಲ್ಪ ಕುಂಟಿದರೂ ಬ್ಯಾಟರಿಗೆ ಬೇಗ ಗೊತ್ತಾಗುತ್ತದೆ.

ಫ್ಯೂಸ್ ಹೋದರೆ

ಫ್ಯೂಸಿನ ಬಣ್ಣ ನೋಡಿಯೇ ಆಂಪಿಯರ್ ಹೇಳಬಹುದು. 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಯಾವುದು ಯಾವುದಕ್ಕೆ ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ. ಕೆಂಪು ಹೋದರೆ ಕೆಂಪನ್ನೇ ಹಾಕಿ. ನೀಲಿ ಹಾಕಿದರೆ ಸದ್ಯಕ್ಕೆ ನಡೆಯುತ್ತದೆ, ಆದರೆ ಮುಂದಿನ ಸಲ ಫ್ಯೂಸ್ ಬದಲು ವಯರ್ ಕರಗುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಅದರಿಂದ ಹೊತ್ತಿ ಉರಿದ ಒಂದು ರಿಕ್ಷಾವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ನಂಬಿ ಒಂದು ಮನೆ ನಡೆಯುತ್ತಿತ್ತು.

ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಹೋಯಿತಾ? ಎಲ್ಲೋ ಶಾರ್ಟ್ ಇದೆ. ಫ್ಯೂಸಿನ ಮೇಲೆ ಫ್ಯೂಸ್ ಸುಡಬೇಡಿ. ಇಲ್ಲಿ ನಮ್ಮ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಬೇಕು. ಫ್ಯೂಸ್ ತೆಗೆದು, ಅದರ ಎರಡು ಪಿನ್ನಿನ ಜಾಗಕ್ಕೆ ಲ್ಯಾಂಪಿನ ಎರಡು ತುದಿ ಕೊಡಿ. ಆ ಫ್ಯೂಸಿನಲ್ಲಿ ನಡೆಯುವ ಹಾರ್ನ್, ಬಲ್ಬು ಎಲ್ಲವನ್ನೂ ಬಿಚ್ಚಿಡಿ. ಆದರೂ ಲ್ಯಾಂಪ್ ಪೂರ್ತಿ ಹೊತ್ತಿದರೆ ಶಾರ್ಟ್ ಇನ್ನೂ ಇದೆ. ಲ್ಯಾಂಪ್ ಇರುವ ಕಾರಣ ಎರಡು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ವಯರಿಗೆ ಅಪಾಯ ಇಲ್ಲ. ಇನ್ನು ನಿಧಾನಕ್ಕೆ ಹುಡುಕಿ. ಒಂದೊಂದೇ ಕಪ್ಲರ್ ಎಳೆಯಿರಿ, ವಯರನ್ನು ಅಲ್ಲಲ್ಲಿ ಅಲುಗಿಸಿ. ಯಾವಾಗ ಲ್ಯಾಂಪ್ ಆರುತ್ತದೋ ಆಗ ನಿಮ್ಮ ಕೈ ಇರುವ ಕಡೆಯೇ ತೊಂದರೆ. ಬೈಕಿನಲ್ಲಾದರೆ ನಾನು ಮೊದಲು ನೋಡುವುದು ಹ್ಯಾಂಡಲ್ ತಿರುಗುವ ಕುತ್ತಿಗೆ. ದಿನಕ್ಕೆ ನೂರು ಸಲ ಬಾಗಿ ಅಲ್ಲಿ ವಯರಿನ ಚರ್ಮ ಸುಲಿದಿರುತ್ತದೆ. ಕಾರಿನಲ್ಲಾದರೆ ಆಮೇಲೆ ಹಾಕಿಸಿದ ಫಾಗ್ ಲ್ಯಾಂಪು, ಎಲ್‌ಇಡಿ ಪಟ್ಟಿ, ಕ್ಯಾಮರಾ. ಮೂಲ ವಯರಿನ ಚರ್ಮ ಕೊರೆದು ಸುತ್ತಿ, ಟೇಪ್ ಹಚ್ಚಿರುತ್ತಾರೆ. ಎರಡು ಮಳೆಗಾಲ ಕಳೆದರೆ ಆ ಟೇಪಿನೊಳಗೆ ಕಿಲುಬು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್, ಅದರ ಬಗ್ಗೆ ಒಂದೇ ಮಾತು. ಹಾರ್ನ್ ಕೆಲಸ ಮಾಡದಿದ್ದರೆ, ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಹಾರ್ನ್ ಬಂದರೆ ಹಳೆಯ ರಿಲೇ ಹಾಳು. ಖರ್ಚಿಲ್ಲದ ಪರೀಕ್ಷೆ.

ಇಲಿ, ನೆರೆನೀರು

ಮಳೆ ಶುರುವಾದರೆ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕುತ್ತವೆ. ಜೂನ್, ಜುಲೈಯಲ್ಲಿ ನನಗೆ ಇದೇ ಕೆಲಸ. ಕಾರಿನ ಪಕ್ಕ ತೆಂಗಿನಕಾಯಿ ರಾಶಿ, ಕಟ್ಟಿಗೆ, ಮಡಲು ಇದ್ದರೆ ಅದನ್ನು ಬೇರೆ ಕಡೆ ಹಾಕಿಸಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ ಇದೆಯಾ ನೋಡಿ. ಕಡಿದ ವಯರನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ ಮುಚ್ಚಬೇಕು. ಬೈಂಡಿಂಗ್ ಟೇಪ್ ಅದರ ಮೇಲೆ.

2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯಲ್ಲಿ ನೆರೆ ಬಂದಾಗ ನೀರಲ್ಲಿ ನಿಂತ ಗಾಡಿಗಳು ಸುಮಾರು ಬಂದವು. ಅದರಲ್ಲಿ ಉಳಿದವು ಯಾವುವು ಗೊತ್ತಾ? ಯಾರೂ ಕೀ ತಿರುಗಿಸದೆ ಎಳೆದು ತಂದವು. ನೀರು ಸೀಟಿನ ಮಟ್ಟಕ್ಕೆ ಬಂದಿದ್ದರೆ, ಇಳಿದ ಮೇಲೆ ಸ್ಟಾರ್ಟ್ ಆಗುತ್ತದಾ ಅಂತ ನೋಡುವ ಆಸೆ ಬೇಡ. ಕೀ ಹಾಕಬೇಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಎಳೆಸಿಕೊಂಡು ಬನ್ನಿ. ಒದ್ದೆಯಾದ ಕಂಪ್ಯೂಟರಿಗೆ, ಅಂದರೆ ಕಂಟ್ರೋಲ್ ಯೂನಿಟ್‌ಗೆ ಕರೆಂಟ್ ಕೊಟ್ಟರೆ ಒಳಗಿನ ತಾಮ್ರದ ಗೆರೆಗಳು ಕಿಲುಬು ಹತ್ತಿ ಹೋಗುತ್ತವೆ. ಕರೆಂಟ್ ಇಲ್ಲದೆ ಒಣಗಿದರೆ ಬದುಕುವ ಸಾಧ್ಯತೆ ಇದೆ.

ಕೈ ಹಾಕಬಾರದ ಜಾಗವೂ ಇದೆ. ಸ್ಟೇರಿಂಗ್, ಡ್ಯಾಶ್‌ಬೋರ್ಡಿನ ಹತ್ತಿರ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬೇಡಿ, ಏರ್‌ಬ್ಯಾಗ್ ಸಿಡಿಯಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಹೈವೋಲ್ಟೇಜ್, ಅದು ಜೀವ ತೆಗೆಯುತ್ತದೆ. ಕಂಟ್ರೋಲ್ ಯೂನಿಟ್‌ನ ಪಿನ್ನುಗಳಿಗೂ ಬಲ್ಬಿನ ಲ್ಯಾಂಪ್ ಬೇಡ, ಮೀಟರ್ ಮಾತ್ರ. ಎಬಿಎಸ್ ಅಥವಾ ಇಂಜಿನ್ ಲೈಟ್ ಹೊತ್ತಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಬೆಳಗ್ಗೆ ಅರ್ಜೆಂಟಿಗೆ ಇನ್ನೊಂದು ಗಾಡಿಯಿಂದ ಕೇಬಲ್ ಕೊಡುವುದಾದರೆ ಕ್ರಮ ತಪ್ಪಬೇಡಿ. ಕೆಂಪು ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕೊನೆಯ ತುದಿ ಡೌನ್ ಆದ ಗಾಡಿಯ ಇಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಕೊನೆಗೆ ಬರುವ ಕಿಡಿ ಬ್ಯಾಟರಿಯ ಗ್ಯಾಸಿನ ಹತ್ತಿರ ಆಗಬಾರದು, ಅದಕ್ಕೇ. ತೆಗೆಯುವುದು ಇದರ ಉಲ್ಟಾ.

ತಿಂಗಳುಗಟ್ಟಲೆ ನಿಲ್ಲುವ ಗಾಡಿ

ಗಲ್ಫ್‌ನಿಂದ ರಜೆಗೆ ಬಂದವರು ಮೊದಲ ದಿನವೇ ಫೋನ್ ಮಾಡುತ್ತಾರೆ, ಕಾರು ಸ್ಟಾರ್ಟ್ ಆಗುವುದಿಲ್ಲ ಅಂತ. ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ನಿಂತ ಮೀನಿನ ಗಾಡಿಗಳದ್ದೂ ಆಗಸ್ಟ್ ಒಂದಕ್ಕೆ ಇದೇ ಪಾಡು.

ಗಾಡಿ ನಿಂತಿದ್ದರೂ ಗಡಿಯಾರ, ಲಾಕ್, ಕಂಪ್ಯೂಟರ್ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಒಳಗಿದ್ದರೆ ತಪ್ಪಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 35 ಆಂಪಿಯರ್ ಅವರ್ ಬ್ಯಾಟರಿಯನ್ನು ಆ 50 ಮಿಲಿಆಂಪಿಯರೇ 700 ಗಂಟೆಯಲ್ಲಿ, ಅಂದರೆ 29 ದಿನದಲ್ಲಿ ಖಾಲಿ ಮಾಡುತ್ತದೆ. ಏನೂ ಕೆಟ್ಟಿರದ ಕಾರೂ ಒಂದು ತಿಂಗಳು ತಡೆಯದೇ ಇರಬಹುದು.

ಎರಡು ಮೂರು ದಿನಕ್ಕೇ ಡೌನ್ ಆಗುತ್ತಿದ್ದರೆ ಮಾತ್ರ ಹುಡುಕಬೇಕು. ಮೀಟರಿನ ಕೆಂಪು ವಯರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಬಿಚ್ಚಿ, ಬಿಚ್ಚಿದ ಕ್ಲ್ಯಾಂಪಿಗೆ ಕೆಂಪು, ಗೂಟಕ್ಕೆ ಕಪ್ಪು. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ, ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಮೀಟರ್ ಸಿಕ್ಕಿಸಿರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 0.05ಕ್ಕಿಂತ, ಅಂದರೆ ಆ 50 ಮಿಲಿಆಂಪಿಯರಿಗಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ನೋಡಿ. ಯಾವುದನ್ನು ತೆಗೆದಾಗ ಫಕ್ಕನೆ ಇಳಿಯಿತೋ ಆ ಲೈನಿನಲ್ಲಿ ಸೋರಿಕೆ. ಡ್ಯಾಶ್ ಕ್ಯಾಮರಾ, ಜಿಪಿಎಸ್ ಟ್ರ್ಯಾಕರ್, ಡಿಕ್ಕಿಯ ಲೈಟ್, ಇವು ಮೂರು ಜಾಸ್ತಿ ಸಿಕ್ಕಿಬೀಳುವವು. ಕೆಲಸ ಮುಗಿದ ಕೂಡಲೇ ಕೆಂಪು ವಯರನ್ನು ವೋಲ್ಟಿನ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಗೆ ಹಿಡಿದರೆ ಮೀಟರಿನ ಮೂಲಕ ಬ್ಯಾಟರಿಯೇ ಶಾರ್ಟ್ ಆಗುತ್ತದೆ.

ಊರು ಬಿಟ್ಟು ಹೋಗುವವರು ಹೋಗುವ ಹಿಂದಿನ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ಬಿಚ್ಚಿ, ಕ್ಲ್ಯಾಂಪಿಗೆ ಒಣಬಟ್ಟೆ ಸುತ್ತಿ ಬದಿಗೆ ಸರಿಸಿಡಿ. ಮ್ಯೂಸಿಕ್ ಸಿಸ್ಟಮಿಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ. ಹಾಗಾಗಿ ಬಾಗಿಲಿನ ತೂತಿಗೆ ಹಾಕುವ ಕೀ ಮನೆಯಲ್ಲಿ ಇರುವವರ ಕೈಗೆ ಕೊಟ್ಟು, ಒಂದು ಸಲ ಅವರಿಂದಲೇ ಬಾಗಿಲು ತೆಗೆಸಿ ನೋಡಿ. ಉಪ್ಪುಗಾಳಿಗೆ ಆ ತೂತೂ ಎಷ್ಟೋ ಸಲ ಬಿಗಿದುಕೊಂಡಿರುತ್ತದೆ. ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಡಿಲವಾಗುತ್ತದೆ.